ದಾರಿಯಂಚಿನ ಚೀಲ

ಗುರುವಾರದ ನಡಿಗೆಯಲ್ಲಿ ಥೆಲ್ಮಾ ಪ್ರಾಸರ್ ಯಾವಾಗಲೂ ಎಲ್ಲರಿಗಿಂತ ಹಿಂದೆ ಇರುತ್ತಿದ್ದಳು. ಕಾಲು ಸೋತದ್ದರಿಂದಲ್ಲ, ಎಪ್ಪತ್ತು ದಾಟಿದ್ದರೂ ಅವಳ ಕಾಲುಗಳು ಗಟ್ಟಿಯಾಗಿದ್ದವು. ಅದು ಅವಳ ಕೆಲಸ. ಗುಂಪಿನ ಮುಂದೆ ದಾರಿ ತೋರಿಸಲು ಒಬ್ಬರು, ಹಿಂದೆ ಹಳದಿ ಜಾಕೀಟು ತೊಟ್ಟ ಕೊನೆಯಾಳು ಒಬ್ಬರು. ದಾಟಿ ಬಂದ ಗೇಟುಗಳಿಗೆ ಚಿಲಕ ಹಾಕುವುದು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಕೊನೆಯಾಳಿನ ಹೊಣೆ. ನಡುವೆ ಯಾರಿಗಾದರೂ ಪೊದೆಯ ಮರೆಗೆ ಹೋಗುವ ಅವಸರವಾದರೆ ಅವರು ಬೆನ್ನಿನ ಚೀಲವನ್ನು ದಾರಿಯಂಚಿನಲ್ಲಿಟ್ಟು ಮರೆಯಾಗುತ್ತಾರೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಚೀಲ ಕಂಡ ಕೊನೆಯಾಳು ಅಲ್ಲೇ ನಿಂತು, ಆ ಕಡೆಗೆ ಬೆನ್ನು ಮಾಡಿ, ದೂರದ ಗುಡ್ಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿರಬೇಕು. ಹೋದವರು ಬಂದು ಚೀಲ ಎತ್ತಿಕೊಂಡ ಮೇಲೆ ಇಬ್ಬರೂ ಮಳೆಯ ಬಗ್ಗೆ ಏನಾದರೂ ಆಡಿಕೊಂಡು ಮುಂದೆ ನಡೆಯುವುದು. ಹೋಲ್ಟ್‌ಬ್ರೂಕ್ ಎಂಬ ಆ ಊರಿನಲ್ಲಿ ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಮೀರಿದವರೂ ಇರಲಿಲ್ಲ.

ಥೆಲ್ಮಾ ಪಕ್ಕದ ಪೇಟೆಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪ್ರತಿ ವರ್ಷ ಮಾಂಸದಂಗಡಿಯಿಂದ ಎತ್ತಿನ ಕಣ್ಣು ತರಿಸಿ, ಮಕ್ಕಳ ಮುಂದೆ ಕತ್ತರಿಸಿ, ಒಳಗಿನ ಪರದೆಯನ್ನು ಬಿಡಿಸಿ ತೋರಿಸುತ್ತಿದ್ದಳು. ಎತ್ತಿಗೆ ಇಲ್ಲದ್ದೊಂದು ನಮಗಿದೆ ಎಂದು ಹೇಳುತ್ತಿದ್ದಳು: ಪರದೆಯ ನಡುವೆ ಮೆಂತ್ಯದ ಕಾಳಿನಷ್ಟು ಹಳದಿ ಚುಕ್ಕೆ. ಅಕ್ಷರ ಓದುವುದು, ಸೂಜಿಗೆ ದಾರ ಹಾಕುವುದು, ಎದುರಿಗೆ ನಿಂತವರ ಮುಖ ಗುರುತಿಸುವುದು ಎಲ್ಲ ಆ ಚುಕ್ಕೆಯಿಂದ.

ಈಗ ಅವಳ ಎರಡು ಕಣ್ಣುಗಳಲ್ಲೂ ಆ ಚುಕ್ಕೆ ಸಾಯುತ್ತಿತ್ತು. ಮೊದಲು ಬಚ್ಚಲಮನೆಯ ಗೋಡೆಯ ಟೈಲುಗಳ ಸಾಲು ಬಾಗಿತು. ಆಮೇಲೆ ಗೇಟಿನ ಕಂಬಗಳು. ಹೆರೆಫೋರ್ಡಿನ ಆಸ್ಪತ್ರೆಯ ಯುವ ವೈದ್ಯೆ, ಇದು ನಿಧಾನವಾಗಿ ಬೆಳೆಯುವ ಬಗೆ, ಔಷಧವಿಲ್ಲ, ಪೂರ್ತಿ ಕತ್ತಲೆ ಆಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ ಎಂದು ಮೆಲ್ಲಗೆ ವಿವರಿಸಿದಳು. ಥೆಲ್ಮಾ ತಲೆಯಾಡಿಸಿದಳು. ಅವಳಿಗೆ ಅದೆಲ್ಲ ಗೊತ್ತಿದ್ದದ್ದೇ. ಗೊತ್ತಿರದಿದ್ದದ್ದು ಒಂದೇ. ಕಾಣದ ಜಾಗವನ್ನು ಮಿದುಳು ಕಪ್ಪಾಗಿ ಬಿಡುವುದಿಲ್ಲ. ಸುತ್ತಲಿನದನ್ನೇ ಎಳೆದು ತೇಪೆ ಹಾಕಿಬಿಡುತ್ತದೆ. ಗೋಡೆಯ ನಡುವೆ ಗೋಡೆ, ಹುಲ್ಲಿನ ನಡುವೆ ಹುಲ್ಲು. ಹಾಗಾಗಿ ಏನೋ ಕಾಣುತ್ತಿಲ್ಲ ಎಂಬುದೇ ಕಾಣುವುದಿಲ್ಲ. ಪುಸ್ತಕದಲ್ಲಿ ಓದಿದ್ದರೂ, ಅದರೊಳಗೆ ಬದುಕುವುದೆಂದರೆ ಏನೆಂದು ಅವಳು ಊಹಿಸಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಕಾರು ಮಾರಿ, ಭೂಮಿ ಬಿಸಿಯಾಗುತ್ತಿದೆ, ನನ್ನಿಂದಾದಷ್ಟು ಮಾಡುತ್ತೇನೆ ಎಂದಳು. ಗುಂಪಿನವರು ಚಪ್ಪಾಳೆ ತಟ್ಟಿದರು. ಜನರನ್ನು ನಡಿಗೆಯಿಂದ, ಕೋಟಿನ ಬಣ್ಣದಿಂದ, ಊರುಗೋಲಿನ ಸದ್ದಿನಿಂದ ಗುರುತಿಸುವುದನ್ನು ಕಲಿತಳು. ಏನನ್ನಾದರೂ ನೋಡಬೇಕಾದರೆ ಅದರ ಪಕ್ಕಕ್ಕೆ ನೋಡುವುದನ್ನು ಕಲಿತಳು. ಚರ್ಚಿನ ಹಿಂದಿನ ಬೀದಿಯ ಐವಿ ಎಂಬವಳಿಗೆ ಕಣ್ಣು ಹೋದಾಗ ಊರವರೆಲ್ಲ ಅವಳೊಡನೆ ಕಿವುಡಿಯೊಡನೆ ಮಾತಾಡುವಂತೆ ಜೋರಾಗಿ ಮಾತಾಡತೊಡಗಿದ್ದರು. ಆಮೇಲೆ ಅವಳ ಬಗ್ಗೆ ಅವಳ ಎದುರಿಗೇ, ಅವಳಿಲ್ಲವೆಂಬಂತೆ, ಮೆಲ್ಲಗೆ ಮಾತಾಡತೊಡಗಿದ್ದರು. ಥೆಲ್ಮಾ ಅದನ್ನು ನೋಡಿದ್ದಳು. ಹಳದಿ ಜಾಕೀಟು ಮೈಮೇಲೆ ಇರುವವರೆಗೆ ತಾನು ಇನ್ನೊಬ್ಬರನ್ನು ಕಾಯುವವಳು. ಅದು ಹೋದ ದಿನ ಇನ್ನೊಬ್ಬರು ತನ್ನನ್ನು ಕಾಯುತ್ತಾರೆ.

ಅಕ್ಟೋಬರಿನಲ್ಲಿ ಪಬ್ಬಿನ ಹಿಂದಿನ ಕೋಣೆಯಲ್ಲಿ ಗುಂಪಿನ ಸಭೆ ಸೇರಿದಾಗ ಮರ್ವಿನ್ ಗಾಫ್ ಎದ್ದು ನಿಂತ. ವಿಮೆ ಕಂಪನಿಗೆ ಮನೆಗಳ ಅಪಾಯ ಅಳೆದು ಕೊಡುತ್ತಿದ್ದ ಮನುಷ್ಯ. ನಿವೃತ್ತನಾದ ಮೇಲೂ ಅಳೆಯುವುದು ಬಿಟ್ಟಿರಲಿಲ್ಲ.

"ನದಿಯಾಚೆ ಊರಿನ ಗುಂಪಲ್ಲಿ ಒಬ್ಬರು ಕಾಡಲ್ಲಿ ಉಳಿದುಬಿಟ್ಟಿದ್ರು, ಕೇಳಿದ್ರಲ್ಲ. ಮುಂದಾಳು, ಕೊನೆಯಾಳು ಇಬ್ಬರೂ ವರ್ಷಕ್ಕೊಂದ್ಸಲ ಕಣ್ಣು, ಕಿವಿ ಪರೀಕ್ಷೆ ಮಾಡಿಸ್ಕೊಂಡು ಬರ್ಲಿ ಅಂತ ನನ್ನ ಸಲಹೆ. ಯಾರ ಮೇಲೂ ಅನುಮಾನ ಅಲ್ಲ."

"ಮೊದ್ಲು ನಿಮ್ಮ ಮಂಡಿ ಪರೀಕ್ಷೆ ಆಗ್ಲಿ ಮರ್ವಿನ್," ಎಂದಳು ಥೆಲ್ಮಾ. "ಅದು ಮಾಡೋ ಸದ್ದಿಗೆ ಕಾಡಿನ ಹಕ್ಕಿಯೆಲ್ಲ ಹಾರಿಹೋಗುತ್ತೆ. ಆ ಮುಲಾಮಿನ ವಾಸನೆಗೆ ಉಳಿದ ಪ್ರಾಣಿಗಳು."

ಎಲ್ಲರೂ ನಕ್ಕರು. ಮರ್ವಿನ್ ಕುಳಿತುಬಿಟ್ಟ. ಅವನ ಮುಖ ಕೆಂಪಾದದ್ದು ಅವಳಿಗೆ ಕಾಣಲಿಲ್ಲ. ನಗು ತಟ್ಟನೆ ನಿಂತದ್ದರಿಂದ ತಿಳಿಯಿತು. ಪ್ರಸ್ತಾಪ ನವೆಂಬರಿನ ಸಭೆಗೆ ಹೋಯಿತು.

ಆ ಸಭೆಯ ದಿನವೇ ನಡಿಗೆಯೂ ಇತ್ತು. ವಾರವಿಡೀ ವೇಲ್ಸಿನ ಗುಡ್ಡಗಳಲ್ಲಿ ಮಳೆ ಹೊಡೆದು ಲಗ್ ನದಿ ಕೆಂಪಗೆ ತುಂಬಿಕೊಂಡಿತ್ತು. ಮುಂದಾಳು ಡಿಲಿಸ್ ಚರ್ಚಿನ ಬಾಗಿಲಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದಳು: "ಹುಲ್ಲುಗಾವಲು ದಾಟಿ ಸೇತುವೆ, ಆಚೆ ಕಾಡು, ಸುಣ್ಣದ ಗೂಡಿನ ತನಕ ಹೋಗಿ ವಾಪಸ್. ನೀರು ಗಾವಲಿಗೆ ಏರೋಕ್ ಮುಂಚೆ ಬರ್ಬೇಕು. ಇವತ್ತು ಅಣಬೆ ನೋಡ್ತಾ ನಿಲ್ಲಂಗಿಲ್ಲ, ಟ್ರೆವರ್, ನಿನಗೇ ಹೇಳ್ತಿರೋದು."

"ಅಣಬೆ ನನ್ನ ನೋಡಿ ನಿಲ್ಲುತ್ತಮ್ಮ, ನಾನೇನ್ ಮಾಡ್ಲಿ?" ಎಂದ ಟ್ರೆವರ್. ಬಸ್ಸು ಓಡಿಸಿ ನಿವೃತ್ತನಾದವನು. ಬಾಯಿಗೆ ಬ್ರೇಕು ಇರಲಿಲ್ಲ.

ಗಾವಲಿನ ದಾರಿಗೆ ಒಂದು ಪಕ್ಕ ಆಳದ ಕಾಲುವೆ. ಪ್ರವಾಹದಲ್ಲಿ ಕಾಲುವೆ ಯಾವುದು ದಾರಿ ಯಾವುದು ಎಂದು ತಿಳಿಯಲೆಂದು ದಾರಿಯುದ್ದಕ್ಕೂ ತಲೆಗೆ ಬಿಳಿ ಬಳಿದ ಕಂಬಗಳನ್ನು ನೆಟ್ಟಿದ್ದರು. ನೆಲ ಆಗಲೇ ಪಚಪಚ ಎನ್ನುತ್ತಿತ್ತು. ಸೇತುವೆ ದಾಟಿ ಕಾಡು ಹೊಕ್ಕ ಮೇಲೆ ನದಿಯ ಮೊರೆತ ಹಿಂದಾಯಿತು. ಹೇಜಲ್ ಗಿಡಗಳ ಎಲೆ ಉದುರಿ ದಾರಿಯೆಲ್ಲ ಹಳದಿ, ಕಂದು. ಆ ಕಂದಿನಲ್ಲಿ ಎಲ್ಲವೂ ಕಂದೇ. ಥೆಲ್ಮಾ ಊರುಗೋಲಿನಿಂದ ಬೇರುಗಳನ್ನು ತಡವುತ್ತ, ಮುಂದಿನವರ ಹೆಜ್ಜೆಯ ಸದ್ದು ಹಿಡಿದು ನಡೆದಳು. ಸುಣ್ಣದ ಗೂಡಿನಿಂದ ಮರಳುವಾಗ, ದಾರಿ ತಿರುಗುವಲ್ಲಿ, ಮುಲಾಮಿನ ಘಾಟು ಮೂಗಿಗೆ ಬಡಿಯಿತು. ಮರ್ವಿನ್ ಈಗಷ್ಟೇ ಇಲ್ಲಿ ದಾಟಿರಬೇಕು ಎಂದುಕೊಂಡಳು. ಅಭ್ಯಾಸದಂತೆ ಆ ಕಡೆಗೊಮ್ಮೆ ತಿರುಗಿ ನೋಡಿದಳು. ಎಲೆಗಳು, ಹಾಲಿ ಎಂಬ ಪೊದೆಯ ಮುಳ್ಳೆಲೆಗಳ ಹಸಿರು, ಮತ್ತೆ ಎಲೆಗಳು. ಮುಂದೆ ನಡೆದಳು.

ಸೇತುವೆಯ ಬಳಿ ಡಿಲಿಸ್ ತಲೆ ಎಣಿಸಿ, ಮತ್ತೊಮ್ಮೆ ಎಣಿಸಿದಳು.

"ಮರ್ವಿನ್ ಎಲ್ಲಿ?"

ಎಲ್ಲರೂ ಹಿಂದಿನ ದಾರಿಯತ್ತ ತಿರುಗಿದರು.

"ಥೆಲ್ಮಾ, ನಿನ್ನ ಹಿಂದೆ ಯಾರೂ ಇರ್ಲಿಲ್ಲ ತಾನೆ? ಚೀಲ ಏನಾದ್ರೂ ಇತ್ತಾ?"

"ಇರ್ಲಿಲ್ಲ," ಎಂದಳು ಥೆಲ್ಮಾ. ನಿಜವನ್ನೇ ಹೇಳುತ್ತಿದ್ದೇನೆ ಎಂದು ಆ ಕ್ಷಣಕ್ಕೆ ಅವಳು ನಂಬಿದ್ದಳು.

"ಮುನಿಸ್ಕೊಂಡು ಮೇಲಿನ ದಾರೀಲಿ ಮನೆಗೆ ಹೋಗಿರ್ತಾನೆ ಬಿಡು," ಎಂದ ಟ್ರೆವರ್. "ಥೆಲ್ಮಾ ಅವತ್ತು ಮಂಡಿಗೇ ಕೈ ಹಾಕಿದ್ಲಲ್ಲ. ಗಂಡಸಿನ ಮಂಡಿ ಮಾತು ಎತ್ತಬಾರ್ದಮ್ಮ, ಅದು ಮರ್ಮಸ್ಥಾನ."

ಕೆಲವರು ನಕ್ಕರು. ಡಿಲಿಸ್ ಫೋನು ಎತ್ತಿ ನೋಡಿದಳು. ಆ ತಗ್ಗಿನಲ್ಲಿ ಸಿಗ್ನಲ್ ಇರುವುದಿಲ್ಲವೆಂದು ಗೊತ್ತಿದ್ದೂ ನೋಡಿದಳು.

ಆ ನಗುವಿನ ನಡುವೆ ಥೆಲ್ಮಾಳಿಗೆ ಘಾಟು ನೆನಪಾಯಿತು. ನಡೆದು ಹೋದವನ ವಾಸನೆ ಗಾಳಿಗೆ ತೆಳುವಾಗಿ ಚದುರುತ್ತದೆ. ಅದು ಹಾಗಿರಲಿಲ್ಲ, ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಂತಿತ್ತು, ಮನುಷ್ಯ ಅಲ್ಲೇ ಇದ್ದಾನೆಂಬಂತೆ. ಅವಳು ತಿರುಗಿ ನೋಡಿದ್ದೂ ನೆನಪಾಯಿತು. ನೇರವಾಗಿ ನೋಡಿದ್ದಳು. ಎಲೆಗಳ ನಡುವೆ ತನ್ನ ಮಿದುಳು ಎಲೆಗಳ ತೇಪೆಯನ್ನೇ ಹಾಕಿತ್ತು. ತೇಪೆಯ ಕೆಳಗೆ ಚೀಲವಿತ್ತು.

"ನಾನು ಹೋಗಿ ನೋಡ್ಕೊಂಡು ಬರ್ತೀನಿ," ಎಂದಳು.

"ಒಬ್ಬಳೇ ಬೇಡ. ಟ್ರೆವರ್ ಬರ್ಲಿ."

"ಬೇಡ ಡಿಲಿಸ್. ನೀರು ಏರ್ತಿದೆ, ಇವರನ್ನೆಲ್ಲ ದಾಟಿಸು. ಹೊಲದ ಮನೆಯವನಿಗೆ ಹೇಳಿ ಟ್ರ್ಯಾಕ್ಟರ್ ಕಳಿಸು. ಕೊನೆಯಾಳು ನಾನು. ಇದು ನನ್ನ ಕೆಲಸ."

ಟ್ರೆವರ್ ಜೊತೆಗಿದ್ದರೆ ಚೀಲ ಅವನಿಗೆ ಮೊದಲು ಕಾಣುತ್ತಿತ್ತು. ಅವನು ಅದನ್ನು ನೋಡಿ, ಆಮೇಲೆ ಅವಳನ್ನು ನೋಡುತ್ತಿದ್ದ. ಅದಕ್ಕೇ ಬೇಡವೆಂದದ್ದು. ಕಾಡಿನಲ್ಲೊಬ್ಬ ಉಳಿದಿರುವಾಗಲೂ ತನಗೆ ಮೊದಲು ಹೊಳೆದದ್ದು ಇದು ಎಂಬುದು ಅವಳಿಗೆ ಕಾಡೊಳಗೆ ಹೆಜ್ಜೆ ಇಟ್ಟ ಮೇಲೆ ತಿಳಿಯಿತು. ಡಿಲಿಸ್ ತನ್ನ ಕೊರಳಿಗೆ ಹಾಕಿ ಕಳಿಸಿದ್ದ ಪೀಪಿಯನ್ನು ಬಿಗಿಯಾಗಿ ಹಿಡಿದು ಥೆಲ್ಮಾ ಬೇಗ ಬೇಗ ನಡೆದಳು.

ಮರಗಳ ಕೆಳಗೆ ಬೆಳಕು ಬೂದುಬಣ್ಣಕ್ಕೆ ತಿರುಗಿತ್ತು. ಅವಳು ಊದಿದಳು, ನಿಂತು ಕೇಳಿದಳು, ಮತ್ತೆ ಊದಿದಳು. ತಿರುವಿನ ಬಳಿ ಮುಲಾಮಿನ ವಾಸನೆ ಬಂತು. ಜೊತೆಗೆ ದನಿಯೂ ಬಂತು.

"ಇಲ್ಲೇ ಇದೀನಿ. ಊದಿದ್ದು ಸಾಕು, ಕಿವಿ ಹೋಗ್ತಿದೆ."

ಹಾಲಿ ಪೊದೆಯ ಪಕ್ಕದಲ್ಲಿ, ಬಿದ್ದ ಮರದ ಮೇಲೆ ಮರ್ವಿನ್ ಕುಳಿತಿದ್ದ. ಒಂದು ಕಾಲು ಮುಂದೆ ಚಾಚಿತ್ತು. ಚೀಲವನ್ನು ಎಳೆದು ಮಡಿಲಲ್ಲಿಟ್ಟುಕೊಂಡಿದ್ದ.

"ಏನಾಯ್ತು?"

"ಮಂಡಿ ಉಳುಕ್ತು. ಏಳೋಕ್ ಹೋಗಿ. ನಿಮ್ಮ ತಮಾಷೆಗೆ ಇನ್ನೊಂದು ವಿಷಯ ಸಿಕ್ತು, ತಗೊಳ್ಳಿ."

"ಯಾಕೆ ಕೂಗ್ಲಿಲ್ಲ?"

"ಕೂಗೋದಾ?" ಅವನ ದನಿ ನಡುಗುತ್ತಿತ್ತು, ಚಳಿಗೋ ಸಿಟ್ಟಿಗೋ. "ಆ ಸ್ಥಿತೀಲಿ? ಪ್ಯಾಂಟು ಕಾಲ ಹತ್ರ ಇಟ್ಕೊಂಡು, ಥೆಲ್ಮಾ ಸ್ವಲ್ಪ ನಿಲ್ಲಿ, ಅಂತ ಕೂಗ್ಬೇಕಿತ್ತಾ? ಏನ್ ಮಾತಾಡ್ತೀರಿ! ಎದ್ದ ಮೇಲೆ ಕೂಗ್ದೆ. ಅಷ್ಟರಲ್ಲಿ ನೀವೆಲ್ಲ ನದಿ ಹತ್ರ. ಯಾರಿಗೆ ಕೇಳುತ್ತೆ?"

ಅವಳು ಅವನ ಪಕ್ಕದಲ್ಲಿ ಮಂಡಿಯೂರಿ, ಕಾಲನ್ನು ಮುಟ್ಟಿ ನೋಡಿದಳು. ಮಂಡಿ ಊದಿತ್ತು. ಮೂಳೆ ಮುರಿದಿರಲಿಲ್ಲ.

"ನೀವು ನೋಡಿದ್ರಿ," ಎಂದ ಮರ್ವಿನ್.

"ಏನನ್ನ?"

"ಚೀಲಾನ. ದಾರಿ ಪಕ್ಕಾನೇ ಇತ್ತು. ನೀವು ನಿಂತು, ಈ ಕಡೆ ತಿರುಗಿ, ನೇರ ನೋಡಿದ್ರಿ. ಪೊದೆ ಸಂದಿಯಿಂದ ನನ್ನ ಮುಖಾನೂ ನೋಡಿದ್ರಿ. ಆಮೇಲೆ ಹೋದ್ರಿ." ಅವನು ಉಸಿರು ಎಳೆದುಕೊಂಡ. "ನಾನು ಪರೀಕ್ಷೆ ಮಾತು ಎತ್ತಿದ್ದಕ್ಕೆ ಇಷ್ಟು ಸಿಟ್ಟಾ? ಇಪ್ಪತ್ತು ವರ್ಷದಿಂದ ಜೊತೇಲಿ ನಡೀತಿದೀವಿ, ಥೆಲ್ಮಾ."

"ನೋಡ್ಲಿಲ್ಲ," ಎಂದಳು.

"ಸುಳ್ಳು."

ಒಂದು ಮಾತು ಹೇಳಿದರೆ ಅವನ ಸಿಟ್ಟು ಇಳಿಯುತ್ತಿತ್ತು. ಅದೇ ಮಾತು ಇವತ್ತು ಸಂಜೆ ಸಭೆಗೂ, ನಾಳೆ ಊರಿಗೂ ಹೋಗುತ್ತಿತ್ತು. ಸೇಡಿಗೆ ಒಬ್ಬನನ್ನು ಕಾಡಿನಲ್ಲಿ ಬಿಟ್ಟುಬಂದವಳು ಎನಿಸಿಕೊಳ್ಳುವುದೋ, ಕಣ್ಣಿಲ್ಲದವಳು ಎನಿಸಿಕೊಳ್ಳುವುದೋ? ಯಾವುದು ಹಗುರ ಎಂದು ತೂಗುತ್ತಿದ್ದೇನೆ ಎಂಬುದೇ ಅವಳಿಗೆ ಹೇಸಿಗೆಯಾಯಿತು. ಆದರೂ ಬಾಯಿ ತೆರೆಯಲಿಲ್ಲ.

"ಏಳಿ," ಎಂದಳು. "ನನ್ನ ಹೆಗಲ ಮೇಲೆ ಕೈ ಹಾಕಿ."

"ಹಾಕ್ದೆ ಬೇರೆ ದಾರಿ ಇಲ್ಲ."

ಕಾಡು ಇಳಿಯಲು ಬಹಳ ಹೊತ್ತು ಹಿಡಿಯಿತು. ಮರ್ವಿನ್ ಒದ್ದೆ ಎಲೆಗಳ ಮೇಲೆ ಬಿದ್ದು ನೆನೆದುಹೋಗಿದ್ದ. ಅವನ ತೋಳು ಅವಳ ಕತ್ತಿನ ಮೇಲೆ ಒಂದೇ ಸಮನೆ ನಡುಗುತ್ತಿತ್ತು. ಬೇರು ಬಂದಲ್ಲಿ ಅವಳ ಊರುಗೋಲು ಹೇಳುತ್ತಿತ್ತು. ಅವನು ಹೆಜ್ಜೆ ಎತ್ತುತ್ತಿದ್ದ.

ಸೇತುವೆ ದಾಟಿದರೆ ಆಚೆ ಗಾವಲು ಇರಲಿಲ್ಲ, ನೀರಿತ್ತು. ಆಕಾಶದಲ್ಲಿ ಉಳಿದಿದ್ದ ಬೆಳಕೆಲ್ಲ ಅದರ ಮೇಲೆ ಮಲಗಿತ್ತು. ನದಿಯ ಅಂಚು, ಕಾಲುವೆ, ದಾರಿ ಎಲ್ಲ ಒಂದೇ ಹಾಳೆ. ಊರಿನ ದೀಪಗಳು ದೂರದಲ್ಲಿ ಹತ್ತಿದ್ದವು. ಟ್ರ್ಯಾಕ್ಟರಿನ ಸದ್ದಿಲ್ಲ. ಇಲ್ಲೇ ಸೇತುವೆಯ ಮೇಲೆ ನಿಂತು ಕಾಯೋಣವೇ ಎಂದು ಥೆಲ್ಮಾ ಯೋಚಿಸಿದಳು. ಆಗ ತನ್ನ ಕತ್ತಿನ ಮೇಲಿದ್ದ ತೋಳಿನ ನಡುಕ ನಿಂತಿರುವುದು ತಿಳಿಯಿತು. ಅದು ಒಳ್ಳೆಯ ಲಕ್ಷಣವಲ್ಲ. ಮೈಯ ಬಿಸಿ ಒಂದು ಮಟ್ಟಕ್ಕಿಂತ ಇಳಿದರೆ ನಡುಗುವ ಶಕ್ತಿಯೂ ಉಳಿಯುವುದಿಲ್ಲ. ಇದನ್ನೂ ಅವಳು ಮಕ್ಕಳಿಗೆ ಕಲಿಸಿದ್ದಳು.

"ಮರ್ವಿನ್, ನಿದ್ದೆ ಬರ್ತಿದೆಯಾ?"

"ಸ್ವಲ್ಪ."

"ನಡೀರಿ. ಇಲ್ಲಿ ನಿಲ್ಲೋ ಹಾಗಿಲ್ಲ."

ನೀರು ಮೊಣಕಾಲಿನ ಕೆಳಗಿತ್ತು. ಮೊದಲ ಕಂಬ ಕೈಗೆ ಸಿಕ್ಕಿತು. ಅದನ್ನು ಹಿಡಿದು ಎರಡನೆಯದನ್ನು ಹುಡುಕಿದಳು. ನೇರ ನೋಡಿದರೆ ನೀರು ಮಾತ್ರ. ಪಕ್ಕಕ್ಕೆ ನೋಡಿದರೆ ಬಿಳಿ ತಲೆಯೊಂದು ಎಡಕ್ಕೆ ಬಾಗಿ ನಿಂತಿತ್ತು, ಅದರಾಚೆಯದು ಇನ್ನೂ ಎಡಕ್ಕೆ. ಕಾಲುವೆ ಎಡಕ್ಕಿದೆ. ಕಂಬಗಳ ಸಾಲು ಬಾಗಿಲ್ಲ, ನನ್ನ ಕಣ್ಣು ಬಾಗಿಸುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಎಷ್ಟು? ಅಡುಗೆಮನೆಯಲ್ಲಾದರೆ ಅಂದಾಜು ಇತ್ತು. ಅಲ್ಲಿ ತಪ್ಪಿದರೆ ಕೈ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು, ಅಷ್ಟೆ. ಊರುಗೋಲಿನಿಂದ ತಡವಿದಳು. ಕೆಸರು ಎಲ್ಲ ಕಡೆ ಒಂದೇ ಮೆತ್ತಗೆ. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಮೂರನೆಯದಕ್ಕೆ ಊರುಗೋಲು ತಳ ಸಿಗದೆ ಇಳಿಯಿತು.

ನಿಂತಳು. ಊರುಗೋಲನ್ನು ಹಿಂದಕ್ಕೆಳೆದಳು.

"ಏನು?" ಎಂದ ಮರ್ವಿನ್, ನಿದ್ದೆಗಣ್ಣಿನವನಂತೆ.

"ಕಂಬ ಎಲ್ಲಿದೆ ಹೇಳಿ."

"ಎದುರಿಗೇ ಇದೆಯಲ್ಲ."

"ಎದುರಿಗೆ ಅಂದ್ರೆ? ನಾನು ನಿಂತಿರೋ ಕಡೆಯಿಂದ ಎಡಕ್ಕಾ, ಬಲಕ್ಕಾ?"

"ಥೆಲ್ಮಾ, ಇದೇನು ಆಟ—"

"ನನಗೆ ಕಾಣ್ಸಲ್ಲ ಮರ್ವಿನ್." ಮಾತು ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು, ನೀರಿನ ಮೇಲೆ ಹೋಯಿತು. "ಎರಡೂ ಕಣ್ಣಲ್ಲಿ ನಡುವಿನ ನೋಟ ಹೋಗಿದೆ. ನೇರ ನೋಡಿದ್ದು ಕಾಣ್ಸಲ್ಲ. ಪಕ್ಕದ್ದು ಕಾಣುತ್ತೆ, ಆದ್ರೆ ವಕ್ರ. ಈಗ ನಾನು ನಿಮ್ಮನ್ನ ಕಾಲುವೆಗೆ ಇಳಿಸ್ತಿದ್ದೆ. ಹೇಳಿ, ಎಡಕ್ಕಾ ಬಲಕ್ಕಾ?"

ನದಿ ಮೊರೆಯುತ್ತಿತ್ತು.

"ಬಲಕ್ಕೆ," ಎಂದ ಮರ್ವಿನ್. ಅವನ ದನಿಯಲ್ಲಿ ನಿದ್ದೆ ಇರಲಿಲ್ಲ. "ಇನ್ನೂ ಬಲಕ್ಕೆ. ಹಾಂ. ಈಗ ನೇರ."

ಅವಳು ಅವನ ಭಾರ ಹೊತ್ತಳು, ಅವನು ದಾರಿ ಹೇಳಿದ. ಒಂದು ಕಂಬ, ಇನ್ನೊಂದು ಕಂಬ. ಪ್ರತಿ ಕಂಬವನ್ನೂ ಅವಳು ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಂಡಳು.

"ಕಾರು ಮಾರಿದ್ದು ಇದಕ್ಕೇನಾ?" ಅವನು ನಡುವೆ ಕೇಳಿದ.

"ಹೂಂ."

"ಭೂಮಿ ಬಿಸಿಯಾಗ್ತಿದೆ ಅಂದ್ರಿ. ನಾನೂ ಚಪ್ಪಾಳೆ ಹೊಡ್ದೆ."

"ಭೂಮೀನೂ ಬಿಸಿಯಾಗ್ತಿದೆ."

"ಸ್ವಲ್ಪ ಎಡಕ್ಕೆ. ಸಾಕು." ಆಮೇಲೆ ಮತ್ತೆ: "ಹಾಗಾದ್ರೆ ಅವಾಗ ಪೊದೆ ಹತ್ರ... ನನ್ನ ಮುಖ ನೋಡ್ಲಿಲ್ಲ?"

"ಇಲ್ಲ."

"ಬೇರೆ ಏನೂ?"

"ಏನೂ ಇಲ್ಲ. ಆ ಒಂದು ವಿಷಯದಲ್ಲಿ ನಿಶ್ಚಿಂತೆಯಿಂದಿರಿ."

ಅವನು ಮೂಗಿನಿಂದ ಒಂದು ಸದ್ದು ಮಾಡಿದ. ನಗುವೇ ಇರಬೇಕು. ಆಗಲೇ ಹೊಲದ ಬೇಲಿಯ ಕಡೆಯಿಂದ ಟ್ರ್ಯಾಕ್ಟರಿನ ದೀಪಗಳು ನೀರಿನ ಮೇಲೆ ಉದ್ದಕ್ಕೆ ಬಿದ್ದವು. ಡಿಲಿಸ್ ಅವರ ಹೆಸರು ಹಿಡಿದು ಕೂಗುವುದು ಕೇಳಿಸಿತು.

ಪಬ್ಬಿನ ಒಲೆಯ ಮುಂದೆ ಮರ್ವಿನ್‌ನನ್ನು ಕಂಬಳಿ ಸುತ್ತಿ ಕೂರಿಸಿದ್ದರು. ಹೊಲದ ಮನೆಯವನ ಪ್ಯಾಂಟು ಅವನಿಗೆ ಪಾದ ಮುಚ್ಚುವಷ್ಟು ಉದ್ದವಾಗಿತ್ತು. ವೈದ್ಯರು ಬಂದು ನೋಡಿ, ಬಿಸಿ ಸೂಪು ಕುಡಿಯಲಿ, ನಾಳೆ ಮಂಡಿಯ ಎಕ್ಸ್‌ರೇ ತೆಗೆಸಲಿ ಎಂದು ಹೇಳಿ ಹೋಗಿದ್ದರು. ಥೆಲ್ಮಾ ಮೂಲೆಯ ಕುರ್ಚಿಯಲ್ಲಿ ಒದ್ದೆ ಹಳದಿ ಜಾಕೀಟಿನಲ್ಲೇ ಕುಳಿತಿದ್ದಳು. ಅವಳಿಗೂ ಯಾರೋ ಸೂಪು ಕೊಟ್ಟಿದ್ದರು. ಕುಡಿದಿರಲಿಲ್ಲ. ಮರ್ವಿನ್ ಯಾವ ಕ್ಷಣದಲ್ಲಾದರೂ ಹೇಳುತ್ತಾನೆ; ಹೇಳಲಿ ಎಂದು ಕಾಯುತ್ತಿದ್ದಳು.

"ಈಗ ಹೇಳಪ್ಪ," ಎಂದ ಟ್ರೆವರ್. "ಚೀಲ ಇಡ್ದೆ ಯಾಕೋ ಹೋದೆ?"

ಮರ್ವಿನ್ ಸೂಪಿನ ಬಟ್ಟಲನ್ನೇ ನೋಡುತ್ತಿದ್ದ. "ಮರೆತೆ," ಎಂದ. "ಅವಸರ ಇತ್ತು. ಬೆನ್ನ ಮೇಲೇ ಇಟ್ಕೊಂಡು ಹೋದೆ. ಥೆಲ್ಮಾಗೆ ಹೇಗೆ ಗೊತ್ತಾಗ್ಬೇಕು? ತಪ್ಪು ನನ್ನದೇ."

ಕೋಣೆಯ ತುಂಬ ನಗು ಸಿಡಿಯಿತು.

"ಅಯ್ಯೋ ಮಾರಾಯ! ನಮ್ಮ ಕಣ್ಣು ಕಿವಿ ಪರೀಕ್ಷೆ ಮಾಡಿಸೋಕೆ ಹೊರಟವನು, ಚೀಲ ಇಡೋದು ಮರೀತೀಯಾ? ಮೊದ್ಲು ನಿನ್ನ ತಲೆ ಪರೀಕ್ಷೆ ಆಗ್ಲಿ ಕಣೋ!" ಎಂದ ಟ್ರೆವರ್.

"ಪ್ಯಾಂಟು ಹಾಕ್ಕೊಳ್ಳೋದು ನೆನಪಿತ್ತಲ್ಲ, ಪುಣ್ಯ," ಎಂದರು ಹಿಂದಿನಿಂದ ಯಾರೋ.

"ಪಾಪ, ಥೆಲ್ಮಾ ಆ ನೀರಲ್ಲಿ ಹೊತ್ಕೊಂಡು ಬರ್ಬೇಕಾಯ್ತು," ಎಂದಳು ಡಿಲಿಸ್. "ಮರ್ವಿನ್, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಆ ಪ್ರಸ್ತಾಪ ಇವತ್ತು ಬೇಡ ಬಿಡಿ. ಇನ್ನು ಬೇಡ್ವೇ ಬೇಡ."

"ಆಯ್ತು," ಎಂದ ಮರ್ವಿನ್.

ನಗು ಮುಗಿಯಲಿಲ್ಲ. ಒಬ್ಬರಾದ ಮೇಲೊಬ್ಬರು ಒಂದೊಂದು ಎಸೆದರು. ಥೆಲ್ಮಾಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ಒಲೆಯ ಬೆಳಕಿನ ಮುಂದೆ ಅವನ ತಲೆಯ ಅಂಚು ಮಾತ್ರ, ತಗ್ಗಿದ್ದು. ಅವಳಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಜಾಕೀಟು ಉಳಿದಿತ್ತು, ಪ್ರಸ್ತಾಪ ಸತ್ತಿತ್ತು, ಊರಿನ ಮೆಚ್ಚುಗೆಯೂ ಸಿಕ್ಕಿತ್ತು. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಮುಂದಿನ ಗುರುವಾರ ಮತ್ತೆ ಕಾಡು. ಮತ್ತೆ ಯಾರದೋ ಚೀಲ.

"ಚೀಲ ಇತ್ತು," ಎಂದಳು.

ಯಾರಿಗೂ ಕೇಳಲಿಲ್ಲ. ಎದ್ದು ನಿಂತಳು.

"ಚೀಲ ಇತ್ತು. ಅವರು ಸರಿಯಾಗೇ ಇಟ್ಟಿದ್ರು. ನನಗೆ ಕಾಣ್ಲಿಲ್ಲ. ಎರಡು ವರ್ಷದಿಂದ ನನಗೆ ನಿಮ್ಮ ಯಾರ ಮುಖವೂ ಕಾಣ್ತಿಲ್ಲ."

ಒಲೆಯಲ್ಲಿ ಕಟ್ಟಿಗೆ ಜಾರಿದ್ದು ಕೇಳಿಸಿತು. ಯಾರೋ ಗಂಟಲು ಸರಿಪಡಿಸಿಕೊಂಡರು. ಕೊನೆಗೆ ಟ್ರೆವರ್, "ಯಾರಿಗೆ ಇನ್ನೊಂದು ಲೋಟ ಸೈಡರ್ ಬೇಕು?" ಎಂದ. ಬೇಡವಾಗಿದ್ದವರೂ ಬೇಕೆಂದರು. ಥೆಲ್ಮಾ ಜಾಕೀಟು ಬಿಚ್ಚಿ, ಮಡಿಸಿ, ಡಿಲಿಸಳ ಮುಂದಿನ ಮೇಜಿನ ಮೇಲಿಟ್ಟಳು. ಡಿಲಿಸ್ ಅವಳ ಕೈ ಹಿಡಿದು, ನಿಧಾನವಾಗಿ, ಜೋರಾಗಿ, ಒಂದೊಂದೇ ಪದ ಬಿಡಿಸಿ ಕೇಳಿದಳು: "ಮನೆ ತನಕ ಬರ್ಲಾ, ಥೆಲ್ಮಾ?"

ಶುರುವಾಯಿತು ಎಂದುಕೊಂಡಳು ಥೆಲ್ಮಾ. "ಬೇಡ. ಕಿವಿ ಚೆನ್ನಾಗಿದೆ," ಎಂದಳು.

ಅವಳು ಒಲೆ ದಾಟಿ ಬಾಗಿಲ ಕಡೆ ಹೋಗುವಾಗ ಮರ್ವಿನ್ ತಲೆ ಎತ್ತದೆ, ಅವಳಿಗಷ್ಟೇ ಕೇಳುವಂತೆ ಹೇಳಿದ: "ನೀವು ಹೇಳ್ಬಾರ್ದಿತ್ತು. ನಾನು ಹೇಗೋ ನಿಭಾಯಿಸ್ತಿದ್ದೆ."

"ಇನ್ನೊಬ್ಬರು ಅಲ್ಲೇ ಉಳಿದ್ರೆ ಅವರು ನಿಭಾಯಿಸ್ತಿದ್ರಾ?"

ಅವಳು ಬಾಗಿಲು ತೆಗೆದು ಹೊರನಡೆದಳು.

ಆ ವಾರ ಮನೆ ಬಾಗಿಲಿಗೆ ಮೂರು ಕೇಕು, ಒಂದು ದೊಡ್ಡ ಅಕ್ಷರದ ಕ್ಯಾಲೆಂಡರು ಬಂದವು. ಪಕ್ಕದ ಮನೆಯವಳು ಕೇಳದೆ ಅವಳ ತರಕಾರಿ ತಂದಿಟ್ಟಳು. ಅಂಗಡಿಯಲ್ಲಿ ಅವಳು ಒಳಬಂದೊಡನೆ ಮಾತು ನಿಂತು, ಆಮೇಲೆ ಎರಡರಷ್ಟು ಹರ್ಷದಿಂದ ಮುಂದುವರಿಯುತ್ತಿತ್ತು. ಯಾರೂ ಕೆಟ್ಟವರಲ್ಲ. ಅದೇ ಕಷ್ಟವಾಗಿತ್ತು.

ಗುರುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಬೂಟು ಹಾಕಿದಳು, ಫ್ಲಾಸ್ಕಿಗೆ ಚಹಾ ತುಂಬಿದಳು, ಚೀಲವನ್ನು ಹೊರಗಿನ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಊರುಗೋಲು ತರಲು ಒಳಗೆ ಬಂದವಳು ಹಜಾರದಲ್ಲಿ ನಿಂತುಬಿಟ್ಟಳು. ಇನ್ನು ತನ್ನನ್ನು ಗುಂಪಿನ ನಡುವೆ ನಡೆಸುತ್ತಾರೆ. ಬೇರು ಇದೆ, ಕಲ್ಲು ಇದೆ ಎನ್ನುತ್ತಾರೆ. ಕೈ ಹಿಡಿಯುತ್ತಾರೆ. ಒಂದು ಬೂಟಿನ ದಾರ ಬಿಚ್ಚಿದಳು.

ರಸ್ತೆಯಲ್ಲಿ ಊರುಗೋಲುಗಳ ಸದ್ದು ಬಂತು. ಟಕ್ ಟಕ್ ಎನ್ನುವ ಡಿಲಿಸ್, ಎಳೆದುಕೊಂಡು ನಡೆಯುವ ಟ್ರೆವರ್. ಹಿಂದೆ ಹೊಸದೊಂದು: ಎರಡು ಊರುಗೋಲು, ನಡುವೆ ಒಂದು ಕಾಲು, ಆಮೇಲೆ ನಿಧಾನವಾಗಿ ಇನ್ನೊಂದು. ಸದ್ದು ಅವಳ ಗೇಟಿನ ಹತ್ತಿರ ಬಂದು, ದಾಟಿ ಹೋಗದೆ ನಿಂತಿತು.

ಕರೆಗಂಟೆ ಬಾರಿಸುತ್ತಾರೆ ಎಂದು ಕಾದಳು. ಯಾರೂ ಬಾರಿಸಲಿಲ್ಲ. ಕಿಟಕಿಯ ಪರದೆಯ ಅಂಚಿನಿಂದ, ಕಣ್ಣಿನ ಅಂಚಿನಿಂದ ನೋಡಿದಳು. ಗೇಟಿನಾಚೆ ಸಾಲಾಗಿ ಕೋಟುಗಳು. ಎಲ್ಲರೂ ಮನೆಗೆ ಬೆನ್ನು ಮಾಡಿ ನಿಂತಿದ್ದರು. ಎದುರಿಗೆ ನೋಡಲು ಗುಡ್ಡವೇನೂ ಇರಲಿಲ್ಲ, ಮಂಜು ಕವಿದಿತ್ತು. ಆದರೂ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕೊನೆಯಲ್ಲಿ ಹಳದಿ ಬಣ್ಣ. ಯಾರು ತೊಟ್ಟಿದ್ದಾರೆಂದು ತಿಳಿಯಲಿಲ್ಲ.

"ಮಳೆ ಬರೋ ಹಾಗಿದೆ," ಎಂದ ಟ್ರೆವರ್ ಮಂಜಿಗೆ. "ಇನ್ನೂ ಎಷ್ಟೊತ್ತು ಅಂತ ಯಾರಾದ್ರೂ ಕೇಳ್ರಪ್ಪ."

"ಕೇಳ್ಬಾರ್ದು," ಎಂದಿತು ಹಳದಿ ಜಾಕೀಟು, ಮರ್ವಿನ್‌ನ ದನಿಯಲ್ಲಿ. "ಚೀಲ ಹೊರಗಿದೆ."

"ಒಂದ್ ವೇಳೆ ಬರ್ದೇ ಹೋದ್ರೆ?"

"ಬರೋ ತನಕ ನಿಲ್ಲೋದು."

ಥೆಲ್ಮಾ ಬಗ್ಗಿ ಬೂಟಿನ ದಾರ ಹುಡುಕಿದಳು. ನೇರ ನೋಡಿದರೆ ದಾರ ಕಾಣಲಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಿ ಗಂಟು ಹಾಕತೊಡಗಿದಳು.